ಮೂರು ಲೋಟ ಕೇಸರಿ ಹಾಲು

ಬಿಸಿ ಹಾಲಿಗೆ ಕೇಸರಿ ಎಸಳು ಹಾಕಿ ಎಂದಾದರೂ ಸುಮ್ಮನೆ ನೋಡುತ್ತಾ ನಿಂತಿದ್ದೀರಾ? ಮೊದಲು ಏನೂ ಆಗುವುದಿಲ್ಲ. ಆಮೇಲೆ ಎಸಳಿನ ತುದಿಯಿಂದ ಒಂದು ಹಳದಿ ಗೆರೆ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ನೋಡನೋಡುತ್ತಾ ನಮಗೇ ಮಂಪರು ಹತ್ತುತ್ತದೆ.

ಕಳೆದ ವಾರ ಖಾರಘರದ ಮಗಳ ಮನೆಯಲ್ಲಿ ಹಾಗೇ ನಿಂತಿದ್ದೆ. ಕಿಟಕಿಯಾಚೆ ಗುಡ್ಡ, ಗುಡ್ಡದ ಮೇಲೆ ಮೋಡ, ಕಿಚನ್ ತುಂಬ ಘಮ. ಮಗಳು ಶ್ವೇತಾಗೆ ಐದನೇ ತಿಂಗಳು. (ನನ್ನ ಗಂಡನನ್ನು ಹೋಟೆಲ್ ಊಟಕ್ಕೆ ಒಪ್ಪಿಸಿ, ಘೋಡಬಂದರ್ ರಸ್ತೆಯ ನಮ್ಮ ಮನೆಯಿಂದ ಬ್ಯಾಗ್ ಸಮೇತ ಬಂದಿಳಿದಿದ್ದೆ.) ಲೋಟದೊಳಗೆ ನನಗೆ ಮೊಮ್ಮಗುವೇ ಕಾಣುತ್ತಿತ್ತು. ಕೆಂಪು ಕೆನ್ನೆ, ಬೆಣ್ಣೆ ಬಣ್ಣ. ನಮ್ಮ ಕಡೆ ಎಲ್ಲರೂ ಕಪ್ಪು. ಅಳಿಯನೂ... ಇರಲಿ ಬಿಡಿ.

ಬಸುರಿಗೆ ಏನು ಕೊಡುತ್ತೇವೆಂದು ಹೇಳಿಕೊಂಡರೆ ದೃಷ್ಟಿಯಾಗುತ್ತದಲ್ಲ? ಅದಕ್ಕೇ ಅದೇ ಮನೆಯಲ್ಲಿದ್ದ ಬೀಗಿತ್ತಿ ಮಧ್ಯಾಹ್ನದ ನಿದ್ದೆಗೆ ಜಾರಿದ ಮೇಲೆ ಗುಟ್ಟಾಗಿ ಕೊಡುತ್ತಿದ್ದೆ. ದಿನಾ ಒಂದು ಚಿಟಿಕೆ, ಧಾರಾಳವಾಗಿ.

ಬುಧವಾರ ಸಂಜೆ ಸೋಫಾದಿಂದ ಎದ್ದ ಶ್ವೇತಾ ಗೋಡೆ ಹಿಡಿದು ಅಲ್ಲೇ ಕುಸಿದಳು. ತಲೆಸುತ್ತು, ಹೊಟ್ಟೆಯಲ್ಲಿ ಹಿಡಿದಂತೆ ನೋವು. ಆಟೋ, ಆಸ್ಪತ್ರೆ, ಸ್ಕ್ಯಾನ್. ಮಗುವಿನ ಎದೆಬಡಿತ ಕೇಳಿಸುವವರೆಗೆ ನಾನು ಉಸಿರು ಬಿಟ್ಟ ನೆನಪಿಲ್ಲ.

ಬಿಪಿ ಇಳಿದಿತ್ತು. ಏನೇನು ಕುಡಿದಳೆಂದು ಡಾಕ್ಟರ್ ವಿಚಾರಿಸಿದರು. ನಾನು ಕೇಸರಿ ಹಾಲು ಎಂದೆ.

"ನಾನೂ ಕೊಡ್ತಿದ್ನಿರಿ, ದಿನಾ ಮುಂಜಾನೆ," ಎಂದರು ಹುಬ್ಬಳ್ಳಿಯ ಬೀಗಿತ್ತಿ, ಸಣ್ಣ ದನಿಯಲ್ಲಿ.

ಆಗ ಶ್ವೇತಾ ಬಾಯಿಬಿಟ್ಟಳು: ಎದುರು ಫ್ಲ್ಯಾಟಿನ ಮರಾಠಿ ಆಂಟಿ, ಅವಳ ಬಾಯಲ್ಲಿ ಕಾಕು, ಕೂಡ ರಾತ್ರಿ ಒಂದು ಲೋಟ ತಂದುಕೊಡುತ್ತಿದ್ದರಂತೆ. ಅವರದೂ ಗುಟ್ಟೇ!

ಇದರಿಂದಲೇ ಆಯಿತೆಂದು ಹೇಳಲಾರೆ, ಆದರೆ ಸದ್ಯ ನಿಲ್ಲಿಸಿ ಎಂದರು ಡಾಕ್ಟರ್. ಸಮಾಧಾನವಾಗದೆ ಡೊಂಬಿವಲಿಯ ನಮ್ಮ ಆಯುರ್ವೇದ ವೈದ್ಯರಿಗೆ ಫೋನ್ ಮಾಡಿದೆ. ಒಂದೆರಡು ಎಸಳಾದರೆ ಮನಸ್ಸಿಗೆ ಉಲ್ಲಾಸ, ಒಳ್ಳೆಯ ನಿದ್ದೆ, ಜೀರ್ಣಕ್ಕೂ ಹಿತ ಎನ್ನುತ್ತದೆ ನಮ್ಮ ಶಾಸ್ತ್ರ ಎಂದರು. ಅತಿಯಾದರೆ ಗರ್ಭಕೋಶವನ್ನು ಕೆರಳಿಸುತ್ತದೆ, ಬಸುರಿಯರು ಕೇಳದೆ ಮುಟ್ಟಬಾರದು. ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರೂ ಅಷ್ಟೇ. ಮಗುವಿನ ಬಣ್ಣ? ಅವರು ನಕ್ಕರು. ಬಣ್ಣ ಬರುವುದು ಹಾಲಿಗೆ ಮಾತ್ರವಂತೆ.

ಮೂರು ಲೋಟ ಯಾಕೆ ಕುಡಿದೆ ಎಂದು ಮಗಳನ್ನು ಕೇಳಿದೆ.

"ನೀವೆಲ್ಲ ಎಷ್ಟು ಪ್ಯಾರ್‌ಸೇ ತರ್ತಿದ್ರಿ, ಅಮ್ಮ. ಹೇಗೆ ಬೇಡ ಅನ್ಲಿ? ನಾಲ್ಕು ದಿನದಿಂದ ತಲೆ ಚಕ್ಕರ್ ಬರ್ತಿತ್ತು. ಯಾರೂ ಕೇಳ್ಲೇ ಇಲ್ಲ."

ನಾನು ಅವಳ ಕೈ ಹಿಡಿದು ಕೂತೆ. ತಣ್ಣಗಿತ್ತು. ಅತ್ತುಬಿಟ್ಟೆ.

ಮೂವರು ಹೆಂಗಸರು ದಿನವಿಡೀ ಹುಟ್ಟದ ಮಗುವಿನ ಬಣ್ಣದ ಕನಸು ಕಂಡೆವಲ್ಲ, ಎದುರಿಗೇ ಕೂತು ಲೋಟ ಖಾಲಿ ಮಾಡುತ್ತಿದ್ದವಳ ಮುಖ ಬಿಳಿಚಿದ್ದನ್ನು ನೋಡಿದವರು ಯಾರು?