ಅವ್ವನ ಆಸ್ಪತ್ರೆಯ ಮೇಲಿನ ಬಾವುಟ

ಆಗ ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಬಾವುಟಗಳೇ. ಪ್ರತ್ಯೇಕ ತೆಲಂಗಾಣ ಬೇಕೆಂಬ ಚಳವಳಿ ಜೋರಾಗಿದ್ದ ಕಾಲ ಅದು. ಮೇಲಿಂದ ಮೇಲೆ ಬಂದ್ ಆಗುತ್ತಿತ್ತು. ಬಂದ್ ಎಂದರೆ ಶಾಲೆಗೆ ರಜೆ, ರಜೆ ಎಂದರೆ ಮೆಹದಿಪಟ್ಟಣದ ನಮ್ಮ ಗಲ್ಲಿಯ ಮೆಟ್ಟಿಲ ಮೇಲೆ ಬಾವುಟದಾಟ. ಬಬಲ್‌ಗಮ್ಮಿನ ಪೊಟ್ಟಣದೊಳಗೆ ಒಂದೊಂದು ದೇಶದ ಬಾವುಟದ ಚೀಟಿ ಬರುತ್ತಿತ್ತು. ಚೀಟಿಗಳನ್ನು ಬೋರಲು ಹಾಕಿ ಅಂಗೈಯಿಂದ ಬಡಿಯಬೇಕು. ಮಗುಚಿದ ಚೀಟಿ ಯಾವ ದೇಶದ್ದೆಂದು ಹೇಳಿದರೆ ಅದು ನಮ್ಮದು. ಕೈಗೆಲ್ಲ ಗುಲಾಬಿ ಗಮ್ಮಿನ ಸಿಹಿ ವಾಸನೆ. ದಡ್ಡರೂ ತಪ್ಪದೆ ಹೇಳುತ್ತಿದ್ದ ದೇಶ ಲಿಬಿಯಾ. ಚಿಹ್ನೆಯಿಲ್ಲ, ಪಟ್ಟಿಯಿಲ್ಲ, ಬರೀ ಹಸಿರು. ಆ ಚೀಟಿ ಯಾರಿಗೂ ಬೇಕಿರಲಿಲ್ಲ. ನಾನು ಮಾತ್ರ ಸಿಕ್ಕಿದ್ದನ್ನೆಲ್ಲ ಕೇಳಿ ಇಸಿದುಕೊಂಡು ಟೀವಿಯ ಅಂಚಿಗೆ ಅಂಟಿಸುತ್ತಿದ್ದೆ. ನನ್ನ ಅವ್ವ ಆ ದೇಶದಲ್ಲಿದ್ದಳು.

ಅವ್ವ ನರ್ಸ್. ಬೀದರಿನವಳು. ಎರಡು ವರ್ಷದ ಕರಾರಿನ ಮೇಲೆ ಲಿಬಿಯಾದ ಪೂರ್ವಕ್ಕೆ, ಕಡಲದಂಡೆಯ ಒಂದು ಸಣ್ಣ ಊರಿನ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದಳು. ಮನೆಯಲ್ಲಿ ಅಪ್ಪ, ನಾನು, ಅಪ್ಪನ ತಾಯಿ ಆಯಿ. ಅಪ್ಪ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಿಂದ ಸಂಜೆ ಬಸ್ಸಿಳಿದು ಬರುವಾಗ ಅಂಗಿಯಲ್ಲಿ ಒಂಥರ ಕಟು ವಾಸನೆ ಹೊತ್ತು ತರುತ್ತಿದ್ದ. ಬಹಳ ದಿನ ನಾನು ಅದನ್ನು ಅಪ್ಪನದೇ ವಾಸನೆ ಅಂದುಕೊಂಡಿದ್ದೆ. ಆಯಿ ಜೋಳದ ರೊಟ್ಟಿ ಬಡಿಯುತ್ತ, ಪುಂಡಿಪಲ್ಯ ಕುದಿಸುತ್ತ, ಶುಕ್ರವಾರದ ದಾರಿ ಕಾಯುತ್ತಿದ್ದಳು. ಶುಕ್ರವಾರ ಅಲ್ಲಿ ರಜೆ. ಅವತ್ತು ಅವ್ವನ ಫೋನು.

ನಾನು ಐದನೇ ಕ್ಲಾಸಿನಲ್ಲಿದ್ದ ಆ ವರ್ಷ, ಬೇಸಿಗೆ ಇನ್ನೂ ಬಲಿಯದ ದಿನಗಳಲ್ಲಿ, ಅವ್ವನ ಫೋನು ಶುಕ್ರವಾರ ಬಿಟ್ಟು ಬೇರೆ ದಿನ ಬಂತು.

"ಶೈಲು, ಊಟ ಮಾಡಿದಿ? ಇಲ್ಲಿ ಸ್ವಲ್ಪ ಗದ್ದಲ ಐತಿ. ಆಸ್ಪತ್ರಿ ಮ್ಯಾಲಿನ ಹಸರ ಝಂಡಾ ತಗದು ಬ್ಯಾರೆ ಹಾಕ್ಯಾರ. ನೀ ಹೆದರಬ್ಯಾಡ. ಅಪ್ಪಗ ಕೊಡು…"

ಅಪ್ಪನ ಕೈಗೆ ಕೊಡುವಷ್ಟರಲ್ಲಿ ಲೈನು ಸತ್ತಿತ್ತು. ಹೆದರಬೇಡ ಎಂದು ಅವ್ವ ಹೇಳುವವರೆಗೆ ನನಗೆ ಹೆದರಿಕೆ ಎಂಬುದೇ ಇರಲಿಲ್ಲ. ಆಮೇಲೆ ಅಪ್ಪ ಎಷ್ಟು ಸಲ ಗುಂಡಿ ಒತ್ತಿದರೂ ಅರಬ್ಬಿಯಲ್ಲಿ ಒಬ್ಬ ಹೆಂಗಸು ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು.

ತೆಲುಗು ಚಾನೆಲ್‌ಗಳೆಲ್ಲ ನಮ್ಮೂರಿನ ಬಂದನ್ನೇ ತೋರಿಸುತ್ತಿದ್ದವು. ಲಿಬಿಯಾ ಬೇಕೆಂದರೆ ಇಂಗ್ಲಿಷ್, ಹಿಂದಿ ಚಾನೆಲ್ ಹಾಕಬೇಕು. ಅಪ್ಪ ಹಾಕಿದ. ಜನ ಹಸಿರು ಬಾವುಟವನ್ನು ಹರಿದು ಸುಡುತ್ತಿದ್ದರು. ಅವರ ಕೈಯಲ್ಲಿ ನಾನೆಂದೂ ಕಾಣದ ಬಾವುಟ: ಕೆಂಪು, ಕಪ್ಪು, ಹಸಿರು ಪಟ್ಟಿ, ಕಪ್ಪಿನ ನಡುವೆ ಬಿಳಿ ಚಂದ್ರ, ನಕ್ಷತ್ರ. ನನ್ನ ಯಾವ ಚೀಟಿಯಲ್ಲೂ ಅದಿರಲಿಲ್ಲ. ಇಲ್ಲದ ದೇಶದ ಬಾವುಟವೊಂದು ಅವ್ವನ ತಲೆಯ ಮೇಲೆ ಹಾರುತ್ತಿದೆ ಎನಿಸಿತು.

ಕೆಳಗಿನ ಮನೆಯ ರಹೀಮ್ ಚಾಚಾ ನಮ್ಮ ಮನೆ ಮಾಲೀಕರು. ಹರೆಯದಲ್ಲಿ ರಸ್ತೆ ಕೆಲಸಕ್ಕೆಂದು ಲಿಬಿಯಾಕ್ಕೆ ಹೋಗಿಬಂದವರು. ಅವರ ಬೇಗಂ ಹುಮನಾಬಾದಿನವರಾದ್ದರಿಂದ ಚಾಚಾಗೆ ನಮ್ಮ ಕನ್ನಡ ಬರುತ್ತಿತ್ತು. ನಾನು ಓಡಿಹೋಗಿ ಕೇಳಿದೆ. ಅವರು ಉಸ್ಮಾನಿಯಾ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದವರು ಕೈಯನ್ನು ಅಲ್ಲೇ ಹಿಡಿದು ಕೂತರು.

"ಹೊಸಾದಲ್ಲ ಬೇಟಾ, ಅದು ಹಳೇ ಝಂಡಾ. ರಾಜನ ಕಾಲದ್ದು. ರಾಜನ್ನ ಕೆಡವಿದ ಮ್ಯಾಲೆ ಕೆಂಪು, ಬಿಳಿ, ಕಪ್ಪು ಬಂತು. ನಾ ಹೋದಾಗ ಅದರ ನಡುವ ಬಂಗಾರದ ಗಿಡುಗ ಇತ್ತು. ಈಜಿಪ್ಟಿಂದೂ ಅದೇ ಝಂಡಾ. ಆಮ್ಯಾಲೆ ಈಜಿಪ್ಟಿನ ಜೋಡಿ ಜಗಳಾತು. ನಾ ಅಲ್ಲಿ ಇದ್ದಾಗನ ಒಂದಿನ ಮುಂಜಾನೆ ಎಲ್ಲಾ ಹಸರ ಆಗಿತ್ತು."

"ಈಗ ಅವ್ವನ ಊರು ಯಾರದು ಚಾಚಾ?"

"ಹಳೇ ಝಂಡಾ ಐತಿ ಅಂದ್ರ ಬಂಡಾಯದವರದು. ಸರ್ಕಾರದ ಫೌಜಿನವರು ಹಸರ ಕಟ್ಟಿಕೊಂಡು ಬರತಾರ." ಅಷ್ಟು ಹೇಳಿ, ಹೇಳಬಾರದಿತ್ತು ಎನ್ನುವಂತೆ ಚಹಾದ ಕಡೆ ತಿರುಗಿದರು. ಬಿಸ್ಕತ್ತು ಕಪ್ಪಿನೊಳಗೆ ಮುರಿದು ಬಿದ್ದಿತ್ತು.

ಆವತ್ತಿನಿಂದ ಸುದ್ದಿ ಓದುವ ಕೆಲಸ ನನ್ನದಾಯಿತು. ಅಪ್ಪ ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ನೋಡುತ್ತಿದ್ದ. ನಾನು ಜೀಪುಗಳ ಹಿಂದೆ, ಮನೆಗಳ ಮೇಲೆ, ಬಂದೂಕಿನ ತುದಿಯಲ್ಲಿ ಇರುವ ಬಟ್ಟೆ ನೋಡುತ್ತಿದ್ದೆ. ಆಯಿಗೆ ಅಕ್ಷರವೂ ತಿಳಿಯದು, ಹಿಂದಿಯೂ ಅಷ್ಟಕ್ಕಷ್ಟೆ. ಸಂಜೆ ದೇವರಿಗೆ ದೀಪ ಹಚ್ಚಿ ಬಂದು ಕೇಳುವಳು:

"ಇವತ್ತ ಯಾವ ಝಂಡಾ ಐತಿ?"

"ಚಂದ್ರಂದು, ಆಯಿ."

"ನಿನ್ನೀದ ಐತಲ್ಲಾ? ಛಲೋ ಆತು."

ಒಂದು ದಿನ ಅವ್ವನ ಊರಿನ ಹೆಸರು ಬಂದಾಗ ತೆರೆಯ ಮೇಲೆ ಹಸಿರು ಕಂಡಿತು. ಅದರ ಹಿಂದೆ ಹೊಗೆ. ಮತ್ತೆ ಕೆಲವು ದಿನಕ್ಕೆ ಚಂದ್ರ ಬಂತು, ಮತ್ತೆ ಹೊಗೆ. ಆಗ ನನಗೂ ತಿಳಿಯಿತು: ಬಾವುಟ ಬದಲಾಗುವುದೆಂದರೆ ನಡುವೆ ಒಂದು ಕಾಳಗ ಆಗಿಹೋಗಿದೆ ಎಂದರ್ಥ. ಟೀವಿಯ ಅಂಚಿನ ಹಸಿರು ಚೀಟಿಗಳನ್ನು ಉಗುರಿನಿಂದ ಕೆರೆದು ತೆಗೆದೆ. ಬಂಡಾಯದವರಿಗೆ ಗೊತ್ತಾಗಿ ಅವ್ವನಿಗೆ ಏನಾದರೂ ಮಾಡಿದರೆ? ಬಣ್ಣದ ಪೆನ್ಸಿಲಿನಿಂದ ಚಂದ್ರನ ಬಾವುಟ ಬರೆದು ಅಂಟಿಸಿದೆ. ಮರುದಿನ ಊರು ಫೌಜಿನ ಕೈಗೆ ಹೋದಾಗ ಅದನ್ನೂ ಕಿತ್ತು, ಹಸಿರು ಕಾಗದ ಹುಡುಕುತ್ತ ಅಳಲು ಶುರುಮಾಡಿದೆ. ಆಯಿ ಬಂದು ನನ್ನನ್ನು ಮಡಿಲಿಗೆ ಎಳೆದುಕೊಂಡಳು. ಅವಳ ಸೀರೆಗೆ ರೊಟ್ಟಿ ಹಿಟ್ಟಿನ ವಾಸನೆ.

"ಯಾವದೂ ಹಚ್ಚಬ್ಯಾಡವ್ವಾ. ಯಾವದರೇ ಒಂದು ನಿಂತರ ಸಾಕು."

ಇಷ್ಟರಲ್ಲಿ ಸರ್ಕಾರ ನಮ್ಮ ದೇಶದವರನ್ನು ಹಡಗಿನಲ್ಲಿ, ವಿಮಾನದಲ್ಲಿ ಕರೆತರುತ್ತಿತ್ತು. ಅವ್ವನ ಆಸ್ಪತ್ರೆಯ ಇಬ್ಬರು ನರ್ಸುಗಳು ಕೇರಳಕ್ಕೆ ಮುಟ್ಟಿದರು. ಅವರಲ್ಲೊಬ್ಬರು ಅಪ್ಪನಿಗೆ ಫೋನು ಮಾಡಿದರು. ಬಂದರಿಗೆ ಹೋಗುವ ಬಸ್ಸು ಆಸ್ಪತ್ರೆಯ ಬಾಗಿಲಿಗೇ ಬಂದಿತ್ತಂತೆ. ಅವ್ವ ಆಪರೇಷನ್ ಕೋಣೆಯಿಂದ ಹೊರಗೆ ಬರಲಿಲ್ಲವಂತೆ. ಒಳಗೆ ಗುಂಡು ತಗುಲಿದ ಹುಡುಗನಿದ್ದ, ಇವಳು ಬಿಟ್ಟರೆ ಬೇರೆ ನರ್ಸ್ ಇರಲಿಲ್ಲ.

ಅಪ್ಪ ಫೋನಿಟ್ಟ. ಮುಂದಿದ್ದ ತಾಟನ್ನು ದೂಡಿದ. ರೊಟ್ಟಿ ನೆಲಕ್ಕೆ ಬಿತ್ತು. ಅಪ್ಪ ಊಟ ದೂಡಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

"ಮಂದಿ ಮಕ್ಕಳು ಕಂಡರು ಆಕೀಗ, ತನ್ನ ಮಗಳು ಕಾಣಲಿಲ್ಲ!"

ಆಯಿ ರೊಟ್ಟಿ ಎತ್ತಿ ಹಣೆಗೆ ಒತ್ತಿಕೊಂಡಳು. "ಆ ಹುಡುಗಗೂ ಅವ್ವ ಇರತಾಳೋ ತಮ್ಮಾ," ಅಂದಳು, ಮೆಲ್ಲಗೆ. ನನಗೆ ಮಾತ್ರ ಕಾಣದ ಆ ಹುಡುಗನ ಮೇಲೆ ಎಂಥ ಸಿಟ್ಟು ಬಂತೆಂದರೆ, ಆ ಸಿಟ್ಟಿಗೇ ಹೆದರಿ ದೇವರ ಮುಂದೆ ಹೋಗಿ ಕೈ ಮುಗಿದೆ.

ಮುಂದಿನ ಬಂದ್ ದಿನ ಬಸ್ಸಿಲ್ಲದೆ ಅಪ್ಪ ಮನೆಯಲ್ಲೇ ಇದ್ದ. ಕಾರ್ಖಾನೆಗೆ ಹೋದರೆ ಹೇಗೋ ಹೊತ್ತು ಹೋಗುತ್ತಿತ್ತು. ಅವತ್ತು ಬಾಗಿಲಿಗೂ ಟೀವಿಗೂ ಓಡಾಡುತ್ತಿದ್ದ. ಹೊರಗೆ ಘೋಷಣೆ ಕೂಗುತ್ತ ಮೆರವಣಿಗೆ ಹೋಗುತ್ತಿತ್ತು. ಆ ಗದ್ದಲದಲ್ಲಿ ಫೋನು ಬಡಿದುಕೊಂಡದ್ದು ಕೇಳಿಸಿದ್ದು ಆಯಿಗೆ. ಅಪ್ಪ ಕಿವಿಗೆ ಹಿಡಿದವನು "ಎಲ್ಲಿ? ಎಲ್ಲಿಂದ?" ಎಂದು ಕೂಗಿದ. ಆಮೇಲೆ ಆಯಿಯ ಕಡೆ ತಿರುಗಿದ.

"ಈಜಿಪ್ಟಿಗೆ ಬಂದಾಳವ್ವಾ. ಗಡಿ ದಾಟ್ಯಾಳ."

ವಿಮಾನ ನಿಲ್ದಾಣದಿಂದ ಬಂದ ಅವ್ವನಿಗೆ ಎಂದಿನ ಡೆಟ್ಟಾಲಿನ ವಾಸನೆ ಇರಲಿಲ್ಲ. ಧೂಳಿನ, ಬೇರೆಯವರ ಸ್ವೆಟರಿನ ವಾಸನೆ. ಆಯಿ ಅವಳ ತಲೆಗೆ ಎಣ್ಣೆ ಹಚ್ಚುವಾಗ, ಯಾರೂ ಕೇಳದಿದ್ದರೂ, ಅವಳೇ ಹೇಳತೊಡಗಿದಳು.

ಅವಳನ್ನು ಗಡಿಯ ಕಡೆ ಹೊರಡಿಸಿದವನು ಆಂಬುಲೆನ್ಸಿನ ಡ್ರೈವರ್ ಮುಫ್ತಾ. ಅವನು ಸೀಟಿನ ಕೆಳಗೆ ಎರಡೂ ಬಾವುಟ ಮಡಚಿಟ್ಟಿದ್ದ. ದಾರಿಗೆ ಅಡ್ಡ ಕಟ್ಟಿದವರ ಬಾವುಟ ದೂರದಿಂದ ನೋಡಿ, ಅದನ್ನೇ ಹೊರತೆಗೆದು ಕಿಟಕಿಗೆ ಸಿಕ್ಕಿಸುವುದು. ಊರು ದಾಟಿದ ಸ್ವಲ್ಪ ಹೊತ್ತಿಗೆ ಮರಳುಗಾಳಿ ಎದ್ದಿತು. ಮುಂದೆ ಜೀಪು ನಿಂತಿದೆ, ಮೇಲೆ ಬಟ್ಟೆ ಹಾರುತ್ತಿದೆ, ಆದರೆ ಧೂಳಿನಲ್ಲಿ ಎಲ್ಲ ಮಣ್ಣಿನ ಬಣ್ಣ.

"'ನೋಡು ಸಿಸ್ಟರ್, ಯಾವ್ದು' ಅಂದ. ನನಗೂ ಕಾಣಲಿಲ್ಲ. ಅವ ಸೀಟಿನ ಕೆಳಗ ಕೈ ಹಾಕಿ ಎರಡೂ ಝಂಡಾ ಹಿಡಕೊಂಡಿದ್ದ. ನಾ ಮೈಮ್ಯಾಲಿನ ಬಿಳೀ ಕೋಟ ಬಿಚ್ಚಿ ಕಿಟಕಿ ಹೊರಗ ಹಿಡದೆ."

"ಆಮ್ಯಾಲೆ?" ಆಯಿಯ ಕೈ ನಿಂತಿತ್ತು.

"ಹುಡುಗರು ಬಂದರು. ಮೀಸಿ ಬಂದಿರಲಿಲ್ಲ. ಒಬ್ಬನ ಕೈ ಸುಟ್ಟಿತ್ತು. ಔಷಧ ಹಚ್ಚಿ ಪಟ್ಟಿ ಕಟ್ಟಿದೆ. ಬಿಟ್ಟರು."

"ಯಾರ ಕಡೆಯವರು?" ಅಪ್ಪ ಕೇಳಿದ.

"ನಾ ಕೇಳಲಿಲ್ಲರಿ."

ಅಪ್ಪ ತಲೆ ತಗ್ಗಿಸಿದ. ಎದ್ದುಹೋಗಿ ತಾನೇ ಚಹಾ ಮಾಡಿ ತಂದು ಅವಳ ಮುಂದಿಟ್ಟ. ಹತ್ತದೆ ಬಿಟ್ಟ ಬಸ್ಸಿನ ಮಾತನ್ನು ಅವನು ಅವಳೆದುರು ಎಂದೂ ಎತ್ತಲಿಲ್ಲ.

ಆ ಮನೆ ಈಗಿಲ್ಲ. ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಚಾಚಾ ತೀರಿಕೊಂಡರು, ಅವರ ಹಿಂದೆಯೇ ಆಯಿಯೂ ಹೋದಳು. ತೆಲಂಗಾಣ ಬಂದು ಎಷ್ಟೋ ವರ್ಷವಾಯಿತು. ದೂರದ ಕೆಟ್ಟ ಸುದ್ದಿಗಳು ಈಗ ಒಬ್ಬೊಬ್ಬರ ಫೋನಿಗೆ ಬೇರೆಬೇರೆಯಾಗಿ ಬರುತ್ತವೆ. ಒಂದೇ ಕೋಣೆಯಲ್ಲಿ ಕೂತು ಒಟ್ಟಿಗೆ ಹೆದರುವವರಿಲ್ಲ. ಅವ್ವ ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತಳಾದಳು. ಲಿಬಿಯಾಕ್ಕೆ ಹೋಗುವ ಮೊದಲು ಅವಳು ಗದ್ದಲದ ನಡುವೆಯೂ ಗೊರಕೆ ಹೊಡೆದು ಮಲಗುತ್ತಿದ್ದವಳು. ಬಂದ ಮೇಲೆ ಆ ನಿದ್ದೆ ತಿರುಗಿ ಬರಲಿಲ್ಲ.

ಪ್ರತಿ ರಂಜಾನ್ ಹಬ್ಬಕ್ಕೆ ಅವಳು ಮುಫ್ತಾನ ನಂಬರಿಗೆ ಫೋನು ಮಾಡುತ್ತಾಳೆ. ಆ ಕಡೆಯಿಂದ ಬರುವುದು ಅರಬ್ಬಿಯ ಆ ಹೆಂಗಸಿನ ಅದೇ ಮಾತು. ಅವಳನ್ನು ಗಡಿಯಲ್ಲಿ ಇಳಿಸಿ ಅವನು ಅದೇ ಧೂಳಿನ ದಾರಿಯಲ್ಲಿ ವಾಪಸು ಹೋಗಿದ್ದ. ಅವನ ದೇಶದಲ್ಲಿ ಈಗ ಹಾರುವುದು ಚಂದ್ರ, ನಕ್ಷತ್ರದ ಆ ಹಳೇ ಬಾವುಟವೇ. ಅದನ್ನು ಯಾವ ಮಗುವಾದರೂ ಫೋನಿನಲ್ಲಿ ನೋಡಿ ಹೇಳಬಲ್ಲದು. ಅವನು ಊರು ಮುಟ್ಟಿದನೋ ಇಲ್ಲವೋ ಎಂಬುದು ನಮಗೆ ಇವತ್ತಿಗೂ ಗೊತ್ತಿಲ್ಲ.