ಎಸ್ಚ್ಯೂ ಆಸ್ಪಿರಿನ್

ಮೂರು ವರ್ಷಗಳ ಹಿಂದೆ ನಾನು ಮುಂಬೈಯ ಚೆಂಬೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಫಾರ್ಮಸಿಸ್ಟ್ ಆಗಿದ್ದೆ. ಔಷಧಿ ಕೌಂಟರಿನಲ್ಲಿ ಆಗಲೇ ಇಪ್ಪತ್ತೆಂಟು ವರ್ಷ ಕಳೆದಿದ್ದೆ. ಡಾಕ್ಟರರ ಕೈಬರಹ ಎಷ್ಟೇ ಕೆಟ್ಟದಾಗಿರಲಿ, ಓದಬಲ್ಲೆ ಎಂಬ ಜಂಬ ನನಗಿತ್ತು.

ಒಂದು ಬುಧವಾರ ಹನ್ನೊಂದೂವರೆಗೆ ಶೋಭಾ ಎಂಬ ಯುವತಿ ತಂದೆಯ ಡಿಸ್ಚಾರ್ಜ್ ಕಾಗದ ಹಿಡಿದು ಬಂದಳು. ತಂದೆ ಸದಾನಂದ ಪೂಜಾರಿ ಉಡುಪಿ ಕಡೆಯವರು, ಹತ್ತಿರದ ಹೋಟೆಲೊಂದರಲ್ಲಿ ಅಡುಗೆಯವರು. ಎರಡನೆಯ ಪುಟದಲ್ಲಿ, ಮಾತ್ರೆಗಳ ಪಟ್ಟಿಯ ಕೆಳಗೆ, ಡಾಕ್ಟರರು ಇಂಗ್ಲಿಷಿನಲ್ಲಿ ‘ಎಸ್ಚ್ಯೂ ಆಸ್ಪಿರಿನ್’ ಎಂದು ಬರೆದಿದ್ದರು. ಆ ಪದವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಆದರೆ ಅದರ ಬಾಲದಲ್ಲಿ ‘ಚ್ಯೂ’ ಇತ್ತು. ಚ್ಯೂ ಎಂದರೆ ಜಗಿ. ಹೃದಯಾಘಾತವಾದವರಿಗೆ ಆಸ್ಪಿರಿನ್ ಜಗಿಯಲು ಕೊಡುವುದು ರೂಢಿ. ಮೊದಲ ಎರಡಕ್ಷರ ಪೆನ್ನು ಜಾರಿದ್ದಿರಬೇಕು ಎಂದುಕೊಂಡು, ಜಗಿಯಬೇಕೆಂದು ಹೇಳಿ ಆಸ್ಪಿರಿನ್ ಮಾತ್ರೆ ಕೊಟ್ಟೆ.

“ಆಂಟಿ, ಇದು ಚ್ಯೂ ಮಾಡ್ಬೇಕಾ? ಪಪ್ಪನ ಹಲ್ಲು ಬರಾಬರ್ ಇಲ್ಲ.”

“ಹಾಗಾದ್ರೆ ಪುಡಿ ಮಾಡಿ ಕೊಡಮ್ಮ, ಊಟ ಆದ್ಮೇಲೆ.”

ಮುಕ್ಕಾಲು ಗಂಟೆಯ ನಂತರ ಆ ಕಾಗದದ ಜೆರಾಕ್ಸ್ ಪ್ರತಿಯನ್ನು ಫೈಲಿಗೆ ಸೇರಿಸುವಾಗ ಮೊದಲ ಪುಟ ಕಣ್ಣಿಗೆ ಬಿತ್ತು. ಜಠರದ ಹುಣ್ಣು, ರಕ್ತಸ್ರಾವ. ಹೃದಯದ ಮಾತೇ ಇಲ್ಲ. ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ; ಹುಣ್ಣಾಗಿ ರಕ್ತ ಸೋರಿದ ಹೊಟ್ಟೆಗೆ ಅದು ವಿಷವಿದ್ದಂತೆ. ಮೊಬೈಲಿನಲ್ಲಿ ಆ ಪದ ಹುಡುಕಿದೆ. ಎಸ್ಚ್ಯೂ: ಬೇಕೆಂದೇ ದೂರವಿಡು, ವರ್ಜಿಸು.

ಶೋಭಾಳ ನಂಬರಿಗೆ ನಾಲ್ಕು ಸಲ ಫೋನ್ ಮಾಡಿದೆ. ರಿಂಗ್ ಆಗುತ್ತಿತ್ತು, ಯಾರೂ ಎತ್ತಲಿಲ್ಲ. ಡಾಕ್ಟರರಿಗೆ ತಿಳಿಸುವಂತೆ ಸಹೋದ್ಯೋಗಿಗೆ ಹೇಳಿ, ವಿಳಾಸ ಬರೆದುಕೊಂಡು ರಿಕ್ಷಾ ಹತ್ತಿದೆ. ಎರಡು ಕಿಲೋಮೀಟರಿನ ದಾರಿ. ಸಿಗ್ನಲಿನಲ್ಲಿ ಟ್ಯಾಂಕರುಗಳ ಸಾಲು ಕದಲದಿದ್ದಾಗ ಇಳಿದು ಓಡಿದೆ.

ಚಾಳಿನ ಎರಡನೆಯ ಮಹಡಿಯಲ್ಲಿ ಬಾಗಿಲು ತೆರೆದೇ ಇತ್ತು. ಪೂಜಾರಿಯವರು ಮಂಚದ ಮೇಲೆ ಕೂತು ನೀರು ಕುಡಿಯುತ್ತಿದ್ದರು.

“ಆ ಪುಡಿ ಮಾಡಿದ ಮಾತ್ರೆ ತಗೊಂಡ್ರಾ?” ಏದುಸಿರಿನಲ್ಲೇ ಕೇಳಿದೆ.

“ಈಗಷ್ಟೇ ತಕೊಂಡೆ ಮಾರಾಯ್ರೆ. ಎಂತ ಆಯ್ತು?”

“ಅದು ನಿಮಗೆ ಕೊಡಲೇಬಾರದ ಮಾತ್ರೆ. ತಪ್ಪು ನನ್ನದು. ಈಗಲೇ ಆಸ್ಪತ್ರೆಗೆ ಹೊರಡಬೇಕು.”

ಶೋಭಾ ಅಡುಗೆ ಮೂಲೆಯಿಂದ ಓಡಿ ಬಂದಳು. “ನೀವೇ ಹೇಳಿದ್ದು ನಾ ಆಂಟಿ, ಪುಡಿ ಮಾಡಿ ಕೊಡು ಅಂತ!”

ಇಬ್ಬರೂ ಸೇರಿ ಅವರನ್ನು ಮೆಟ್ಟಿಲಿಳಿಸಿದೆವು.

ಮತ್ತೆ ಅಡ್ಮಿಟ್ ಮಾಡಿದರು. ಅರ್ಧ ಗಂಟೆಗೊಮ್ಮೆ ಬಿಪಿ, ನಡುನಡುವೆ ರಕ್ತ ಪರೀಕ್ಷೆ. ವಾರ್ಡಿನ ಹೊರಗಿನ ಬೆಂಚಿನಲ್ಲಿ ಶೋಭಾ ಒಂದು ತುದಿಗೆ, ನಾನು ಇನ್ನೊಂದು ತುದಿಗೆ ಕೂತಿದ್ದೆವು. ಮರುದಿನ ಮಧ್ಯಾಹ್ನದವರೆಗೂ ರಕ್ತಸ್ರಾವವಾಗದಿದ್ದಾಗ ಡಾಕ್ಟರರು ಅಪಾಯವಿಲ್ಲ ಎಂದರು.

ನಾನು ನನ್ನ ಮೇಲೆಯೇ ಲಿಖಿತ ವರದಿ ಕೊಟ್ಟೆ. ಡಾಕ್ಟರರು ಅದನ್ನೋದಿ, “ಪದ ಸರಿಯಾಗಿಯೇ ಇತ್ತಲ್ಲ ಮೇಡಂ,” ಎಂದರು.

“ಸರಿಯಾಗಿತ್ತು ಸರ್. ಆದ್ರೆ ನನಗೂ ಗೊತ್ತಿರಲಿಲ್ಲ, ಆ ಹುಡುಗಿಗೂ ಗೊತ್ತಿರಲಿಲ್ಲ.”

ಆಮೇಲೆ ಅವರ ಚೀಟಿಗಳಲ್ಲಿ ‘ಕೊಡಬೇಡಿ’ ಎಂಬುದು ಸರಳ ಇಂಗ್ಲಿಷಿನಲ್ಲಿ, ದೊಡ್ಡಕ್ಷರಗಳಲ್ಲಿ ಬರತೊಡಗಿತು.

ಆದರೂ ದೋಷವನ್ನು ಅವರ ತಲೆಗೆ ಕಟ್ಟಲಾರೆ. ಅಂದು ಇಂಟರ್‌ಕಾಮ್ ನನ್ನ ಕೈಗೆಟುಕುವಷ್ಟು ಹತ್ತಿರವಿತ್ತು. ‘ಈ ಪದದ ಅರ್ಥ ನನಗೆ ಗೊತ್ತಿಲ್ಲ’ ಎನ್ನಲು ಅರ್ಧ ನಿಮಿಷ ಸಾಕಾಗಿತ್ತು. ನಿವೃತ್ತಿಯಾಗುವವರೆಗೆ ಆ ಮಾತನ್ನು ಎಷ್ಟೋ ಸಲ ಹೇಳಿದೆ. ಯಾರೂ ನಗಲಿಲ್ಲ.