ನೀರಿನ ಸದ್ದಿಗೆ ಕಾಯುವ ಪೆಟ್ಟಿಗೆಯಕ್ಕ

ಬೆಳಗಿನ ಐದು ಗಂಟೆ. ಆರೋಗ್ಯ ಕೇಂದ್ರದ ಹಿಂಬದಿಯ ಕೋಣೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಉದ್ದನೆಯ ಮೇಜಿನ ಮೇಲೆ ಐವತ್ತಾರು ಐಸ್ ಪ್ಯಾಕುಗಳು ಸಾಲಾಗಿ ಮಲಗಿವೆ. ಈಗಷ್ಟೇ ಫ್ರೀಜರಿನಿಂದ ಹೊರಬಂದ ಅವು ಕಲ್ಲಿನಷ್ಟು ಗಟ್ಟಿ. ಪಕ್ಕದ ಸ್ಟೂಲಿನ ಮೇಲೆ ಹಳೆಯ ಸ್ವೆಟರ್ ತೊಟ್ಟ ಹೆಂಗಸೊಬ್ಬರು ಕೈಕಟ್ಟಿ ಕೂತಿದ್ದಾರೆ. ನೋಡಿದವರಿಗೆ ಸುಮ್ಮನೆ ಕೂತಂತೆ ಕಾಣುತ್ತದೆ. ಆದರೆ ಈ ಕೂರುವುದೇ ಅವರ ಕೆಲಸದ ಅರ್ಧ ಭಾಗ.

ಅರ್ಧ ಗಂಟೆಯಾಗುವ ಹೊತ್ತಿಗೆ ಪ್ಯಾಕುಗಳ ಮೈಮೇಲೆ ಬೆವರಿನಂಥ ಹನಿಗಳು ಮೂಡುತ್ತವೆ. ಆಗ ಅವರು ಎದ್ದು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನಿಂದ ‘ಗುಳಕ್’ ಎಂದು ನೀರಿನ ಸದ್ದು ಬಂದರೆ ಅದು ಲಸಿಕೆಯ ಪೆಟ್ಟಿಗೆಗೆ. ಬಾರದಿದ್ದರೆ ಮತ್ತೆ ಮೇಜಿಗೆ.

“ಗಟ್ಟಿ ಐಸು ನೋಡೋಕೆ ಚೆಂದ, ಆದ್ರೆ ನಮಗೆ ಅದೇ ಶತ್ರು,” ಎನ್ನುತ್ತಾರೆ, ಕಿವಿಯಿಂದ ಪ್ಯಾಕು ತೆಗೆಯದೆ. “ಲಸಿಕೆಗೆ ತಂಪು ಬೇಕು, ಹೆಪ್ಪುಗಟ್ಟಬಾರದು. ಕೂಸಿನ ಸ್ನಾನದ ನೀರು ಹದ ನೋಡ್ತೀವಲ್ಲ, ಹಾಗೆ. ಒಂದ್ಸಲ ಹೆಪ್ಪುಗಟ್ಟಿದ್ರೆ ಮುಗೀತು. ಆಮೇಲೆ ಕರಗಿ ಮೊದಲಿನ ಹಾಗೇ ಕಾಣುತ್ತೆ, ಆದ್ರೆ ಒಳಗೆ ಸತ್ವ ಇರಲ್ಲ.”

ಎಲ್ಲರೂ ಇವರನ್ನು ಕರೆಯುವುದು ಪೆಟ್ಟಿಗೆಯಕ್ಕ ಎಂದು. ವಯಸ್ಸು ಐವತ್ತಮೂರು. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಕೇಂದ್ರದ ನೆಲ ಒರೆಸಲು ಸೇರಿದವರು. ಲಸಿಕೆ ನೋಡಿಕೊಳ್ಳುತ್ತಿದ್ದ ಹಿರಿಯರು ಒಂದು ದಿನ ಕೆಮ್ಮುತ್ತಾ ಬಂದು, “ಇವತ್ತೊಂದಿನ ನೀನೇ ಅಲ್ಲಾಡಿಸಮ್ಮ, ನನ್ನ ಕಿವಿ ಕಟ್ಟಿದೆ,” ಎಂದರಂತೆ. ಆ ಒಂದು ದಿನ ಇನ್ನೂ ಮುಗಿದಿಲ್ಲ. ದಿನಕ್ಕೆ ಹದಿನಾಲ್ಕು ಪೆಟ್ಟಿಗೆ, ಪೆಟ್ಟಿಗೆಗೆ ನಾಲ್ಕು ಪ್ಯಾಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಫ್ರಿಜ್ಜಿನ ಉಷ್ಣತೆ ನೋಡಿ ಬರೆಯಬೇಕು. ಕರೆಂಟು ಹೋದರೆ ಯಾವ ಹೊತ್ತಾದರೂ ಓಡಿ ಬರಬೇಕು. “ಮನೇಲಿ ಯಾರಿಗೆ ಜ್ವರ ಬಂದ್ರೂ ಇಷ್ಟು ಸಲ ನೋಡಲ್ಲ ಅಂತ ನಮ್ಮೆಜಮಾನ್ರ ಕಂಪ್ಲೇಂಟು,” ಎಂದು ನಗುತ್ತಾರೆ.

ಹದಿಮೂರು ಪೆಟ್ಟಿಗೆಗಳನ್ನು ಬೇರೆಯವರು ಒಯ್ಯುತ್ತಾರೆ. ಇವತ್ತು ಹದಿನಾಲ್ಕನೆಯದನ್ನು ಪೆಟ್ಟಿಗೆಯಕ್ಕನೇ ಹೊರಬೇಕು. ಅದು ಹೊಳೆಯಾಚೆಯ ಬಡಾವಣೆಯದು. ಗುರುವಾರದ ಆ ಪೆಟ್ಟಿಗೆಯನ್ನು ವರ್ಷಗಳಿಂದ ಒಯ್ಯುತ್ತಿದ್ದವರು ಸೈಕಲ್ ಅಣ್ಣ. ಅವರು ಮೂರು ವಾರದ ಹಿಂದೆ ತಿರುವಿನಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಾರೆ. ಅಂದಿನಿಂದ ಇದು ಅಕ್ಕನ ಮೂರನೆಯ ಗುರುವಾರ.

ಆಚೆ ದಡದ ನರ್ಸಮ್ಮನ ಪಟ್ಟಿಯಲ್ಲಿ ಒಂಬತ್ತನೆಯ ಸಾಲಿನಲ್ಲಿ ಒಂದು ಹೆಣ್ಣುಕೂಸಿದೆ. ಆರು ವಾರಕ್ಕೆ ಬೀಳಬೇಕಿದ್ದ ಚುಚ್ಚುಮದ್ದು ಎಂಟು ವಾರವಾದರೂ ಬಿದ್ದಿಲ್ಲ. ಎರಡು ಗುರುವಾರವೂ ಹೆಸರಿನ ಮುಂದೆ ‘ಬಂದಿಲ್ಲ’ ಎಂದು ಬರೆಯಲಾಗಿದೆ. ಅದು ಪೆಟ್ಟಿಗೆಯಕ್ಕನ ಸ್ವಂತ ತಂಗಿಯ ಮೊಮ್ಮಗಳು. ಅಕ್ಕ ಇನ್ನೂ ಆ ಕೂಸಿನ ಮುಖ ನೋಡಿಲ್ಲ. ತಂಗಿ ಮಾತು ಬಿಟ್ಟು ಐದು ವರ್ಷವಾಯಿತು.

“ನಾನು ತಂದ ಪೆಟ್ಟಿಗೆ ಅಂತ ಬರ್ತಿಲ್ಲ,” ಎನ್ನುತ್ತಾರೆ ಅಕ್ಕ. ಮುಚ್ಚಳದ ಪಟ್ಟಿಯನ್ನು ಎರಡೆರಡು ಸಲ ಎಳೆದು ನೋಡುತ್ತಾರೆ. “ನನ್ನ ಮೇಲೆ ಸಿಟ್ಟಿರ್ಲಿ. ಕೂಸೇನು ಮಾಡಿದೆ?”

ಹೊರಡುವ ಮೊದಲು ಮನೆಗೆ ಹೋಗಿ ಎರಡು ತುತ್ತು ತಿನ್ನುವುದು ರೂಢಿ. ಕೇಂದ್ರದ ಹಿಂದಿನ ಓಣಿಯಲ್ಲೇ ಮನೆ. ಒಂದು ಅಡುಗೆಮನೆ, ಒಂದು ಕೋಣೆ, ಬಾಗಿಲ ಪಕ್ಕದಲ್ಲಿ ಒಂದು ಬೆಂಚು. ಬೆಂಚಿನ ಮೇಲೆ ಅವರ ಯಜಮಾನರು ಚಹಾ ಆರಿಸುತ್ತಾ ಕೂತಿದ್ದಾರೆ. ಬಸ್ ಕಂಡಕ್ಟರ್ ಆಗಿದ್ದವರು, ಈಗ ನಿವೃತ್ತರು. ಮಹಾಮಾರಿಯ ಕಾಲದಲ್ಲಿ ಬಸ್ಸುಗಳು ನಿಂತಾಗ ಇವರನ್ನು ಸೇತುವೆಯ ಬಾಯಿಗೆ ಹಾಕಿದ್ದ ಗೇಟಿನಲ್ಲಿ ನಿಲ್ಲಿಸಿದರು. ಮೊದಲ ಸಲ ಎಪ್ಪತ್ತನಾಲ್ಕು ದಿನ, ಮರುವರ್ಷ ನಲವತ್ತೊಂದು ದಿನ. ಓಣಿಯ ಮಕ್ಕಳಿಗೆ ಅವರು ಇವತ್ತಿಗೂ ಗೇಟ್ ಮಾಮ.

ಈ ಮನೆಯಲ್ಲಿ ಒಂದು ವಾದ ಐದು ವರ್ಷದಿಂದ ನಡೆಯುತ್ತಿದೆ. ಜನ ಉಳಿದದ್ದು ಬಾಗಿಲು ಹಾಕಿದ್ದರಿಂದಲೋ, ಲಸಿಕೆ ಹಾಕಿದ್ದರಿಂದಲೋ?

“ಗೇಟ್ ಇಲ್ದೇ ಇದ್ರೆ ನಿನ್ನ ಸೂಜಿ ಬರೋ ಹೊತ್ತಿಗೆ ಚುಚ್ಚಿಸ್ಕೊಳ್ಳೋಕೆ ತೋಳೇ ಇರ್ತಿರ್ಲಿಲ್ಲ,” ಎಂದು ಗೇಟ್ ಮಾಮ ಶುರು ಮಾಡುತ್ತಾರೆ. “ಈ ದಡದಲ್ಲಿ ಇನ್ನೂರ ಹನ್ನೆರಡು ಮನೆ. ಮೊದಲ ವರ್ಷ ಒಂದು ಮನೇಲೂ ಸಾವಿಲ್ಲ. ಆಗ ಎಲ್ಲಿತ್ತು ನಿನ್ನ ಪೆಟ್ಟಿಗೆ?”

“ಸೂಜಿ ಬರದೇ ಇದ್ದಿದ್ರೆ ನೀವು ಇವತ್ತಿಗೂ ಆ ಗೇಟ್ ಹಿಡ್ಕೊಂಡೇ ನಿಂತಿರ್ತಿದ್ರಿ, ಗಡ್ಡ ಮೊಣಕಾಲಿಗೆ ಬಂದಿರೋದು,” ಎಂಬ ಉತ್ತರ ಅಡುಗೆಮನೆಯಿಂದ ಬರುತ್ತದೆ. “ನನ್ನ ಪೆಟ್ಟಿಗೆ ಎಲ್ಲಿತ್ತು ಅಂತೀರಲ್ಲ, ನಿಮ್ಮ ಗೇಟಿನ ದೆಸೆಯಿಂದ ಖಾಲಿ ಕಪಾಟಿನ ಮೇಲಿತ್ತು! ಎಪ್ಪತ್ತನಾಲ್ಕು ದಿನ ಒಂದು ಕೂಸಿಗೂ ಚುಚ್ಚುಮದ್ದಿಲ್ಲ. ದರ್ಜಿ ಅಣ್ಣ ಮಿಷನ್ ಮಾರ್ಕೊಂಡ. ಮಕ್ಕಳು ಕಲಿತ ಅಕ್ಷರ ಮರೆತ್ರು. ಅದೆಲ್ಲ ನಿಮ್ಮ ಇನ್ನೂರ ಹನ್ನೆರಡರಲ್ಲಿ ಬರಲ್ವಾ?”

“ಮಿಷನ್ ಮತ್ತೆ ಬರುತ್ತೆ ಕಣೇ. ಮನುಷ್ಯ ಬರ್ತಾನಾ?”

ಅಲ್ಲಿಗೆ ಮಾತು ನಿಲ್ಲುತ್ತದೆ. ಪ್ರತಿ ಸಲವೂ ಅಲ್ಲೇ ನಿಲ್ಲುವುದು. ಬರಲಾರದ ಆ ಜೀವ ಯಾರದೆಂದು ಇಬ್ಬರಿಗೂ ಗೊತ್ತು.

ಪೆಟ್ಟಿಗೆಯಕ್ಕನ ತಾಯಿ ಆಚೆ ದಡದಲ್ಲಿ ತಂಗಿಯ ಮನೆಯಲ್ಲಿದ್ದರು. ಕಿವಿ ಪೂರ್ತಿ ಮಂದ. ಫೋನಿನಲ್ಲಿ ಮಾತಾಡಿದರೆ ಆ ಕಡೆಯಿಂದ “ಹಾಂ? ಯಾರು? ಜೋರಾಗಿ!” ಎಂಬುದಷ್ಟೇ ಬರುತ್ತಿತ್ತು. ಹಾಗಾಗಿ ಗೇಟ್ ಬಿದ್ದ ಮೂರನೆಯ ದಿನವೇ ಆ ಮುದುಕಿ ಸಂಜೆ ನಾಲ್ಕಕ್ಕೆ ತನ್ನ ಹಳದಿ ಕೊಡೆ ಹಿಡಿದು ಸೇತುವೆಯ ಆ ತುದಿಗೆ ಬಂದು ನಿಂತರು. ಈ ತುದಿಯಲ್ಲಿ ಮಗಳು. ನಡುವೆ ನೂರೈವತ್ತು ಹೆಜ್ಜೆಯ ಸೇತುವೆ ಖಾಲಿ. ಕೊಡೆ ಒಮ್ಮೆ ಬಿಚ್ಚಿ ಮುಚ್ಚಿದರೆ ‘ಊಟ ಆಯ್ತು’. ಎರಡು ಸಲ ಬಿಚ್ಚಿ ಮುಚ್ಚಿದರೆ ‘ಯಾವಾಗ ಬರ್ತೀಯಾ?’

“ದಿನಾ ಎರಡು ಸಲ ಬಿಚ್ಚೋರು. ನನ್ನ ಹತ್ರ ಕೊಡೆ ಇರ್ಲಿಲ್ಲ. ಇದ್ದಿದ್ರೂ ಅದಕ್ಕೆ ಉತ್ತರ ಏನು ಕೊಡ್ಲಿ? ಕೈ ಬೀಸಿ ವಾಪಸ್ ಬರ್ತಿದ್ದೆ,” ಎನ್ನುತ್ತಾರೆ ಅಕ್ಕ.

ಒಂದು ದಿನ ಅರ್ಧ ಸೇತುವೆಯವರೆಗಾದರೂ ಹೋಗಿ ಬರುತ್ತೇನೆಂದು ಗೇಟಿಗೆ ಕೈ ಹಾಕಿದರು. ಗೇಟಿನ ಹಿಂದೆ ನಿಂತಿದ್ದವರು ಕೈಹಿಡಿದ ಗಂಡ. “ನಿನ್ನನ್ನ ಬಿಟ್ರೆ ನಾಳೆ ಓಣಿ ಪೂರ್ತಿ ಬಿಡಬೇಕು. ಹೋಗು ಮನೆಗೆ,” ಎಂದರು. ಹೆಂಡತಿ ಎರಡು ವಾರ ಅವರಿಗೆ ಊಟ ಬಡಿಸಿದ್ದು ಮಾತಿಲ್ಲದೆ.

ಈಗ ಬೆಂಚಿನ ಮೇಲೆ ಕೂತ ಗೇಟ್ ಮಾಮ ಲೋಟದ ತಳ ನೋಡುತ್ತಾ ತಗ್ಗಿದ ದನಿಯಲ್ಲಿ ಹೇಳುತ್ತಾರೆ, “ಗೇಟ್ ಹಾಕಿದ್ದು ಸರಿ. ಇವತ್ತೂ ಅದನ್ನೇ ಹೇಳ್ತೀನಿ. ಆದ್ರೆ ಅರ್ಧ ಸೇತುವೆ ಬಿಡಬಹುದಿತ್ತು. ಹೊಳೆ ಗಾಳಿ ಬೀಸ್ತಾ ಇರೋ ಅರ್ಧ ಸೇತುವೇಲಿ ದೂರ ನಿಂತು ಒಂದು ಮುಖ ನೋಡಿದ್ರೆ ಯಾವ ರೋಗ ಬರ್ತಿತ್ತು?”

ಮರುವರ್ಷ ಎರಡನೆಯ ಸಲ ಗೇಟ್ ಬಿದ್ದಾಗ ಲಸಿಕೆಯೂ ಬಂತು. ಆಚೆ ದಡದ ವಯಸ್ಸಾದವರಿಗೆ ಮೊದಲ ದಿನ ನಿಗದಿಯಾಯಿತು. ಹನ್ನೆರಡು ಸೀಸೆ, ನೂರ ಇಪ್ಪತ್ತು ಜನ. ಪಟ್ಟಿಯಲ್ಲಿ ತಾಯಿಯದು ಹನ್ನೊಂದನೆಯ ಹೆಸರು. ಪೆಟ್ಟಿಗೆ ಹಿಡಿದವರಿಗೆ ಗೇಟ್ ತೆರೆಯಬೇಕೆಂದು ಆದೇಶವಿತ್ತು. ಮೂವತ್ತು ದಿನಗಳಾದ ಮೇಲೆ ಮೊದಲ ಬಾರಿಗೆ ಆ ಸೇತುವೆ ದಾಟುವ ಅವಕಾಶ. ಪೆಟ್ಟಿಗೆಯಕ್ಕ ನಸುಕಿನಲ್ಲೇ ಫ್ರೀಜರ್ ತೆರೆದರು.

ಅವತ್ತು ಸ್ಟೂಲಿನ ಮೇಲೆ ಕೂರಲಿಲ್ಲ.

“ಕೂರೋಕೆ ಆಗ್ಲಿಲ್ಲ,” ಎನ್ನುತ್ತಾರೆ. “ಅರ್ಧ ಗಂಟೆ ಕಾದ್ರೆ ಅಮ್ಮನ ಹತ್ರ ಅರ್ಧ ಗಂಟೆ ತಡ. ಕಲ್ಲಿನ ಹಾಗಿದ್ದ ನಾಲ್ಕೂ ಪ್ಯಾಕು ಹಾಗೇ ತುಂಬಿ ಹೊರಟುಬಿಟ್ಟೆ. ಹದಿನೇಳು ವರ್ಷದಲ್ಲಿ ಒಂದು ದಿನ.”

ಆಚೆ ದಡ ತಲುಪಿ, ಕೊಡುವ ಮುಂಚೆ ಮನಸ್ಸು ತಡೆಯದೆ ಮುಚ್ಚಳ ತೆರೆದು ನೋಡಿದರು. ಪ್ಯಾಕಿಗೆ ಒತ್ತಿಕೊಂಡಿದ್ದ ಸೀಸೆಗಳೊಳಗೆ ಕೂದಲೆಳೆಯಂಥ ಬಿಳಿ ಗೆರೆಗಳು. ಅಂಗೈಯಲ್ಲಿ ಹಿಡಿದುಕೊಂಡಾಗ ಒಂದೇ ನಿಮಿಷದಲ್ಲಿ ಕರಗಿ ತಿಳಿಯಾದವು. ನೋಡಿದವರು ಬೇರೆ ಯಾರೂ ಇಲ್ಲ. ಎದುರಿನ ಸಾಲಿನಲ್ಲಿ ತಾಯಿ ಹಳದಿ ಕೊಡೆ ಊರಿಕೊಂಡು ನಿಂತು ಮಗಳನ್ನು ನೋಡಿ ನಗುತ್ತಿದ್ದಾರೆ, ಪಕ್ಕದಲ್ಲಿ ತಂಗಿ.

ಅಕ್ಕ ನರ್ಸಮ್ಮನ ಬಳಿ ಹೋಗಿ, “ಇದು ಹಾಕ್ಬೇಡಿ. ಹೆಪ್ಪುಗಟ್ಟಿತ್ತು. ನನ್ನಿಂದ ತಪ್ಪಾಯ್ತು,” ಎಂದರು.

ನೂರ ಇಪ್ಪತ್ತು ಜನ ಮನೆಗೆ ಮರಳಿದರು. ಮುಂದಿನ ಸರಬರಾಜು ಹದಿನೆಂಟು ದಿನಕ್ಕೆ ಬಂತು. ತಾಯಿಗೆ ಒಂಬತ್ತನೆಯ ದಿನ ಜ್ವರ ಬಂತು, ಹದಿನಾರನೆಯ ದಿನ ತೀರಿಕೊಂಡರು. ಕೇಂದ್ರದ ಡಾಕ್ಟರು ಕೂರಿಸಿಕೊಂಡು ಬಿಡಿಸಿ ಹೇಳಿದರು. ಅವತ್ತು ಒಳ್ಳೆಯ ಲಸಿಕೆಯೇ ಬಿದ್ದಿದ್ದರೂ ಒಂದು ಡೋಸಿಗೆ ಒಂಬತ್ತು ದಿನದಲ್ಲಿ ಹೆಚ್ಚು ಬಲ ಬರುತ್ತಿರಲಿಲ್ಲ. ಕೆಟ್ಟದ್ದನ್ನು ಹಾಕಿದ್ದರೆ ನೂರ ಇಪ್ಪತ್ತು ಜನ ಸುಳ್ಳು ಧೈರ್ಯದಲ್ಲಿ ಓಡಾಡುತ್ತಿದ್ದರು.

“ಅದು ನನ್ನ ತಲೆಗೆ ಗೊತ್ತು,” ಎನ್ನುತ್ತಾರೆ ಅಕ್ಕ. “ಆದ್ರೆ ತಂಗಿಗೆ ಕಂಡಿದ್ದು ಏನು? ಅಮ್ಮ ಸಾಲಲ್ಲಿ ನಿಂತಿದ್ರು, ನಾನು ಬಂದೆ, ಅಮ್ಮ ವಾಪಸ್ ಹೋದ್ರು. ಅವಳ ಜಾಗದಲ್ಲಿ ನಾನಿದ್ರೂ ಮಾತು ಬಿಡ್ತಿದ್ದೆ.”

ಗೇಟ್ ಮಾಮ ವಾದದಲ್ಲಿ ಎಷ್ಟೇ ಸೋತರೂ ಆ ಸೀಸೆಗಳ ಮಾತು ಎತ್ತಿಲ್ಲ. ಹೆಂಡತಿ ಎಷ್ಟೇ ರೇಗಿದರೂ ಅರ್ಧ ಸೇತುವೆಯ ಮಾತು ಎತ್ತಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಐದು ವರ್ಷ ವಾದ ಮಾಡಿಯೂ ಒಟ್ಟಿಗೆ ಚಹಾ ಕುಡಿಯುತ್ತಿರುವುದು ಹೀಗೆ.

ಒಂಬತ್ತು ಗಂಟೆ. ಆಚೆ ದಡದ ಶಾಲೆಯ ಜಗುಲಿಯಲ್ಲಿ ನರ್ಸಮ್ಮ ಮೇಜು ಹಾಕಿದ್ದಾರೆ. ಪೆಟ್ಟಿಗೆ ಕೊಟ್ಟು ಹೊರಡಬೇಕಾದ ಅಕ್ಕ ಬೆಂಚಿನ ತುದಿಯಲ್ಲಿ ಕೂತೇ ಇದ್ದಾರೆ. ಕೂಸುಗಳು ಒಂದೊಂದಾಗಿ ಬರುತ್ತವೆ, ಅಳುತ್ತವೆ, ಹೋಗುತ್ತವೆ. ಹತ್ತೂವರೆಗೆ ಪಟ್ಟಿಯಲ್ಲಿ ಉಳಿದಿರುವುದು ಒಂದೇ ಸಾಲು. ನರ್ಸಮ್ಮ ಪೆನ್ನು ತೆಗೆದವರು ಅಕ್ಕನ ಕಡೆ ನೋಡಿ ಮತ್ತೆ ಕೆಳಗಿಡುತ್ತಾರೆ.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಶಾಲೆಯ ಗೇಟಿನ ಬಳಿ ತಂಗಿ ಕಾಣಿಸುತ್ತಾಳೆ. ಎದೆಗೊತ್ತಿಕೊಂಡ ಬಟ್ಟೆಯ ಸುರುಳಿಯಿಂದ ಪುಟ್ಟ ಪಾದವೊಂದು ಹೊರಗಿಣುಕಿದೆ. ಹಿಂದೆ ಬಾಣಂತಿ ಮಗಳು. ತಂಗಿ ನೇರ ಮೇಜಿನವರೆಗೆ ಬಂದು, ಅಕ್ಕನ ಕಡೆ ತಿರುಗದೆ, ಪೆಟ್ಟಿಗೆಯನ್ನೇ ನೋಡುತ್ತಾ ಕೇಳುತ್ತಾಳೆ.

“ಹೆಪ್ಪುಗಟ್ಟಿಲ್ಲ ತಾನೇ?”

ನರ್ಸಮ್ಮ ಸೀಸೆ ತೆಗೆಯಲು ಮುಚ್ಚಳ ಎತ್ತಿದ್ದೇ ತಡ, ಅಕ್ಕ ಎದ್ದು ಒಂದು ಪ್ಯಾಕು ಎಳೆದು ತಂಗಿಯ ಮುಂದೆ ಹಿಡಿಯುತ್ತಾರೆ. “ನೀನೇ ಕೇಳು.”

ತಂಗಿ ಕೂಸನ್ನು ಮಗಳ ಕೈಗೆ ಕೊಟ್ಟು ಪ್ಯಾಕನ್ನು ಕಿವಿಗಿಡುತ್ತಾಳೆ. “ಏನೂ ಕೇಳಿಸ್ತಿಲ್ಲ.”

“ಅಲ್ಲಾಡಿಸೇ.”

ಗುಳಕ್.

ತಂಗಿ ಇನ್ನೊಮ್ಮೆ ಅಲ್ಲಾಡಿಸುತ್ತಾಳೆ. ಮತ್ತೊಮ್ಮೆ. “ಅಮ್ಮ ಆಗಿದ್ರೆ, ಇದನ್ನೂ ‘ಹಾಂ? ಜೋರಾಗಿ!’ ಅಂತಿದ್ರು,” ಎಂದವಳಿಗೆ ನಗು ಬಂದು, ನಗುವಿನ ಜೊತೆಗೇ ಕಣ್ಣೀರೂ ಇಳಿಯುತ್ತದೆ. ಅಕ್ಕನಿಗೂ ಅದೇ ಗತಿ.

“ಅಳೋದಾದ್ರೆ ಪ್ಯಾಕು ಕೊಟ್ಟು ಅಳ್ರಮ್ಮ, ಮುಚ್ಚಳ ಹಾಕ್ಬೇಕು,” ಎನ್ನುತ್ತಾರೆ ನರ್ಸಮ್ಮ.

ಕೂಸಿಗೆ ಚುಚ್ಚುಮದ್ದು ಬೀಳುತ್ತದೆ. ಅದರ ಅಳು ಜಗುಲಿಯ ಹೆಂಚಿಗೆ ಮುಟ್ಟುವಾಗ ತಂಗಿ ಜಗಳ ಶುರು ಹಚ್ಚುತ್ತಾಳೆ. “ಐದು ವರ್ಷದಲ್ಲಿ ನಿನಗೆ ಸೇತುವೆ ಕಾಣಿಸ್ಲೇ ಇಲ್ವಾ?”

“ಬಂದಿದ್ರೆ ಬಾಗಿಲು ತೆಗೀತಿದ್ಯಾ?”

“ತಟ್ಟಿದ್ಯಾ?”

ಅಕ್ಕ ಇಪ್ಪತ್ತೆರಡು ವರ್ಷ ಐಸು ಹಿಡಿದು ಒರಟಾದ ಅಂಗೈಗಳನ್ನು ಮೊದಲು ಸ್ವೆಟರಿಗೆ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಕೂಸನ್ನು ಎತ್ತಿಕೊಂಡು ಆ ಪುಟ್ಟ ಪಾದವನ್ನು ಮುಚ್ಚಿ ಹಿಡಿಯುತ್ತಾರೆ.

ಸಂಜೆ ನಾಲ್ಕಕ್ಕೆ ಅಕ್ಕ ಪೆಟ್ಟಿಗೆ ಹೊತ್ತು ಸೇತುವೆ ದಾಟಿದರೆ, ಹಿಂದೆ ಗೇಟ್ ಇದ್ದ ಜಾಗದಲ್ಲೇ ಯಜಮಾನರು ನಿಂತಿದ್ದಾರೆ. ಹೆಗಲಿನಿಂದ ಪೆಟ್ಟಿಗೆ ಇಳಿಸಿಕೊಳ್ಳುತ್ತಾ ಕೇಳುತ್ತಾರೆ, “ಬಂದ್ಲಾ?”

“ಬಂದ್ಲು.”

“ಮಾತಾಡಿದ್ಲಾ?”

“ಜಗಳ ಆಡಿದ್ಲು.”

“ಸದ್ಯ! ಹಾಗಾದ್ರೆ ಸರಿಹೋಯ್ತು ಬಿಡು.”

ಕೂಸಿನ ಮುಂದಿನ ಚುಚ್ಚುಮದ್ದು ನಾಲ್ಕು ವಾರಕ್ಕೆ. ಅಷ್ಟರಲ್ಲಿ ಸೈಕಲ್ ಅಣ್ಣನ ಕೈಗೆ ಹಾಕಿದ ಪಟ್ಟಿ ಬಿಚ್ಚುತ್ತಾರೆ, ಗುರುವಾರದ ಪೆಟ್ಟಿಗೆ ಮತ್ತೆ ಅವರದಾಗುತ್ತದೆ. ಈ ಇಪ್ಪತ್ತೆರಡು ವರ್ಷದಲ್ಲಿ ಕೇಂದ್ರದವರನ್ನು ತನಗಾಗಿ ಏನಾದರೂ ಕೇಳಿಕೊಳ್ಳಬೇಕು ಅನ್ನಿಸಿದ್ದಿದೆಯೇ ಎಂದರೆ, ಪೆಟ್ಟಿಗೆಯಕ್ಕ ಖಾಲಿ ಸೇತುವೆಯ ಆ ತುದಿಯ ಕಡೆ ತಿರುಗುತ್ತಾರೆ.

“ಸೈಕಲ್ ಅಣ್ಣನ ಕೈ ಬೇಗ ವಾಸಿಯಾಗ್ಲಿ. ಒಳ್ಳೆ ಮನುಷ್ಯ,” ಎನ್ನುತ್ತಾರೆ. ಆಮೇಲೆ ದನಿ ತಗ್ಗಿಸಿ, “ವಾಸಿಯಾದ್ಮೇಲೂ ಆಚೆ ದಡದ ಪೆಟ್ಟಿಗೆ ನನಗೇ ಬಿಟ್ಟುಕೊಡ್ಲಿ ಅಂತ ಕೇಳ್ಬೇಕು. ನಡ್ಕೊಂಡೇ ಹೋಗ್ತೀನಿ. ಸೈಕಲ್ ಬೇಡ.”